ಗುರುತಿಲ್ಲದವರ ಫೋಟೋ, ಅವರದೇ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿ, ಅವರದೊಂದು ಫೋಟೋ ತೆಗೆದು, ಅವರು ಹೇಳಿದ್ದನ್ನು ಜತೆಗಿಟ್ಟು ಇನ್‌ಸ್ಟಾಗ್ರಾಮಿಗೆ, ಫೇಸ್‌ಬುಕ್ಕಿಗೆ ಹಾಕುತ್ತೇನೆ. ಹೊಟ್ಟೆಪಾಡಿನ ಕೆಲಸ ಬೇರೆ ಇದೆ, ಇದು ರಜಾ ದಿನದ್ದು. ಫೋಟೋ ತೆಗೆಸಿಕೊಂಡವರು, ನೋಡಿದವರು, ತಾವೂ ಶುರು ಮಾಡಬೇಕು ಅಂತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ, ಬೈಗುಳ ಮಾತ್ರ ತೆಗೆದಿದ್ದೇನೆ.

## ಶುರು ಮಾಡುವವರಿಗೆ

ಈ ಥರದ ಪೇಜ್‌ಗಳೆಲ್ಲ ಅಮೆರಿಕದ ಕಾಪಿ ಅಲ್ವಾ?

ಈಗಿನ ರೂಪ ಅಲ್ಲಿಂದಲೇ ಬಂದದ್ದು. ಬ್ರ್ಯಾಂಡನ್ ಸ್ಟ್ಯಾಂಟನ್ ಷಿಕಾಗೋದಲ್ಲಿ ಬಾಂಡ್ ವ್ಯವಹಾರದ ಕೆಲಸ ಕಳೆದುಕೊಂಡರು. 2010ರಲ್ಲಿ ನ್ಯೂಯಾರ್ಕಿನಲ್ಲಿ 'ಹ್ಯೂಮನ್ಸ್ ಆಫ್ ನ್ಯೂಯಾರ್ಕ್' ಶುರು ಮಾಡಿದರು. ಮೊದಲು ಅವರ ತಲೆಯಲ್ಲಿದ್ದದ್ದು ಊರಿನ 10,000 ಜನರ ಫೋಟೋ ತೆಗೆದು ಮ್ಯಾಪಿನ ಮೇಲೆ ಕೂರಿಸಬೇಕು ಅಂತ, ಅಷ್ಟೇ. ಆಮೇಲೆ ಫೋಟೋ ಕೆಳಗೆ ಅವರ ಮಾತು ಸೇರಿತು. ಬರ್ತಾ ಬರ್ತಾ ಜನ ಫೋಟೋಗಿಂತ ಮಾತಿಗೇ ಕಾಯತೊಡಗಿದರು. 2014ರಲ್ಲಿ ಮುಂಬೈಯಲ್ಲಿ 'ಹ್ಯೂಮನ್ಸ್ ಆಫ್ ಬಾಂಬೆ' ಬಂತು. ಆಮೇಲೆ ಊರಿಗೊಂದು ಹುಟ್ಟಿದವು.

ಆದರೆ ಸಾಮಾನ್ಯ ಜನರನ್ನು ಅಕ್ಕರೆಯಿಂದ ನೋಡುವ ಕ್ಯಾಮೆರಾ ನಮ್ಮಲ್ಲಿ ಮೊದಲೇ ಇತ್ತು. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಜೀವಮಾನವೆಲ್ಲ ಮಾಡಿದ್ದು ಅದನ್ನೇ. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲೇ ನಡೆಯಿತು. ಸ್ಟ್ಯಾಂಟನ್ ಹುಟ್ಟುವುದಕ್ಕೂ ಮೊದಲು.

ಗುರುತಿಲ್ಲದವರ ಹತ್ರ ಹೋಗಿ ಫೋಟೋ ಕೇಳೋಕೆ ನಾಚಿಕೆ. ಏನಂತ ಶುರು ಮಾಡ್ಲಿ?

ಕ್ಯಾಮೆರಾ ಚೀಲದಲ್ಲೇ ಇರಲಿ. ಅಂಗಡಿಯವರಾದರೆ ಬೋಣಿ ಆಗುವ ಮೊದಲು ಹೋಗಬೇಡಿ. ಏನಾದರೂ ಕೊಳ್ಳಿ, ಇಲ್ಲವೇ ಪಕ್ಕದಲ್ಲಿ ನಿಂತು ಒಂದು ಟೀ ಕುಡಿಯಿರಿ. ಅಣ್ಣ, ಅಕ್ಕ, ಅಮ್ಮ, ಯಜಮಾನ್ರೇ ಅಂತ ವಯಸ್ಸು ನೋಡಿ ಕರೆಯಿರಿ. ಹುಬ್ಬಳ್ಳಿ ಕಡೆಯಾದರೆ ಕಾಕಾ, ಯಕ್ಕಾ, ಮಾತಿನ ತುದಿಗೊಂದು 'ರೀ'. ಐವತ್ತು ದಾಟದ ಹೆಂಗಸನ್ನು 'ಅಜ್ಜಿ' ಅಂದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ಸೀದಾ ಹೇಳಿ: 'ನಾನು ಜನರ ಫೋಟೋ ತೆಗೆದು, ಅವರು ಹೇಳಿದ್ದನ್ನ ಬರೆದು ಇನ್‌ಸ್ಟಾಗ್ರಾಮಿಗೆ ಹಾಕ್ತೀನಿ. ನಿಮ್ಮದೂ ತೆಗೀಬಹುದಾ? ಇಷ್ಟ ಇಲ್ಲ ಅಂದ್ರೆ ಪರವಾಗಿಲ್ಲ.' ಹಾಗೆನ್ನುತ್ತಾ ಫೋನಿನಲ್ಲಿ ಹಳೆಯ ಎರಡು ಪೋಸ್ಟ್ ತೋರಿಸಿ. ನಾಚಿಕೆಗೆ ಹೆದರಿ 'ಕಾಲೇಜ್ ಪ್ರಾಜೆಕ್ಟ್' ಅಂತ ಸುಳ್ಳು ಹೇಳುವವರಿದ್ದಾರೆ. ಪ್ರಾಜೆಕ್ಟ್ ಮೇಷ್ಟ್ರು ಒಬ್ಬರು ನೋಡುತ್ತಾರೆ, ಇನ್‌ಸ್ಟಾಗ್ರಾಮ್ ಊರೆಲ್ಲ ನೋಡುತ್ತದೆ. ಹಾಗೆ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಬೇಡ ಅಂದ್ರೆ?

'ಆಯ್ತು, ಥ್ಯಾಂಕ್ಸ್ ಅಣ್ಣ' ಅಂದು ಕೊಂಡ ಸಾಮಾನು ತಗೊಂಡು ಹೊರಡಿ. ಇನ್ನೊಂದು ಸಲ ಕೇಳಬೇಡಿ, ದೂರ ಹೋಗಿ ಜೂಮ್ ಹಾಕಿ ತೆಗೆಯಲೂ ಬೇಡಿ. ಕೆಲವರು ಮುಂದಿನ ವಾರ ಅವರಾಗೇ ಕರೆಯುತ್ತಾರೆ, ಬಹಳಷ್ಟು ಜನ ಕರೆಯುವುದಿಲ್ಲ.

ದೊಡ್ಡ ಕ್ಯಾಮೆರಾ ಬೇಕಾ? ನನ್ನ ಹತ್ರ ಬರೀ ಫೋನ್ ಇದೆ.

ಫೋನ್ ಸಾಕು. ಎಷ್ಟೋ ಸಲ ಫೋನೇ ಒಳ್ಳೆಯದು, ದೊಡ್ಡ ಲೆನ್ಸ್ ಕಂಡರೆ 'ಯಾವ ಚಾನಲ್ಲು?' ಅಂತ ಶುರುವಾಗುತ್ತದೆ. ಎರಡು ಮೂರು ವಿಷಯ ನೋಡಿಕೊಳ್ಳಿ. ಫೋನಿನ ಅಗಲದ ಲೆನ್ಸ್ ಹತ್ತಿರದಿಂದ ಮೂಗನ್ನು ದೊಡ್ಡದು ಮಾಡುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಇಟ್ಟು ತೆಗೆಯಿರಿ. ಪೋರ್ಟ್ರೇಟ್ ಮೋಡ್ ಮುಡಿದ ಮಲ್ಲಿಗೆಯ ಅರ್ಧ, ಕಿವಿಯೋಲೆಯ ಅರ್ಧ ಮಸುಕು ಮಾಡಿಬಿಡುತ್ತದೆ, ಅದು ಬೇಡ. ಬ್ಯೂಟಿ ಮೋಡ್ ಆಫ್ ಮಾಡಲೇಬೇಕು. ಬಿಸಿಲಲ್ಲಿ ದುಡಿದ ಮುಖವನ್ನು ಬೆಳ್ಳಗೆ ಮಾಡಿ ಹಾಕುವುದು ಅವರಿಗೆ ಮಾಡುವ ಅವಮಾನ ಅಂತಲೇ ನನ್ನ ಅಭಿಪ್ರಾಯ.

ಸಂತೆ, ಮಾರ್ಕೆಟ್ಟುಗಳಲ್ಲಿ ದೊಡ್ಡ ತಲೆನೋವು ನೀಲಿ ಟಾರ್ಪಾಲಿನ್. ಅದರ ಕೆಳಗೆ ನಿಂತ ಮುಖವೆಲ್ಲ ನೀಲಿ, ಟೊಮೆಟೊ ಕೂಡ ನೇರಳೆ. ಆಮೇಲೆ ಎಷ್ಟು ಎಡಿಟ್ ಮಾಡಿದರೂ ಸರಿಹೋಗುವುದಿಲ್ಲ. ಟಾರ್ಪಾಲಿನ್ ನೆರಳು ಮುಗಿದು ಬೆಳಕು ಶುರುವಾಗುವ ಅಂಚಿಗೆ ಒಂದು ಹೆಜ್ಜೆ ಮುಂದೆ ಬರಲು ಹೇಳಿ. ಅವರು ಕೂತಿದ್ದರೆ ನೀವೂ ಕುಕ್ಕರುಗಾಲಲ್ಲಿ ಕೂರಿ. ಮೇಲಿಂದ ತೆಗೆದ ಫೋಟೋದಲ್ಲಿ ಯಾರಾದರೂ ಬೇಡುತ್ತಿರುವ ಹಾಗೆ ಕಾಣುತ್ತಾರೆ.

ಎಲ್ಲರೂ ಪಾಸ್‌ಪೋರ್ಟ್ ಫೋಟೋ ಥರ ಅಟೆನ್ಷನ್‌ನಲ್ಲಿ ನಿಲ್ತಾರೆ. ನ್ಯಾಚುರಲ್ ಆಗಿ ಹೇಗೆ ತೆಗೆಯೋದು?

ನಿಲ್ಲಲಿ ಬಿಡಿ. ಸೆರಗು ಸರಿಮಾಡಿಕೊಂಡು, ಮೇಲಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತದ್ದು ಅವರಿಗೆ ಬೇಕಾದ ಫೋಟೋ. ಅದನ್ನು ಮನಸ್ಸಿಟ್ಟು ತೆಗೆಯಿರಿ, ಪ್ರಿಂಟ್ ಹಾಕಿಸಿ ಕೊಡಿ. 'ಆಯ್ತಾ?' ಅಂತ ಕೇಳಿ ಭುಜ ಸಡಿಲ ಬಿಡುವ ಕ್ಷಣದಲ್ಲಿ ಎರಡನೆಯದು ಸಿಗುತ್ತದೆ. ಪೋಸ್ಟಿಗೆ ಯಾವುದು ಅನ್ನುವುದನ್ನು ಅವರೇ ಆರಿಸಲಿ. ಬಹಳ ಸಲ ಮೊದಲನೆಯದನ್ನೇ ಆರಿಸುತ್ತಾರೆ, ನನಗೆ ಒಳಗೊಳಗೇ ಬೇಜಾರಾಗುತ್ತದೆ, ಆದರೂ ಅದನ್ನೇ ಹಾಕುತ್ತೇನೆ.

## ಮಾತು ಮತ್ತು ಬರವಣಿಗೆ

'ನಿಮ್ಮ ಕಥೆ ಹೇಳಿ' ಅಂದ್ರೆ 'ನಂದೇನ್ ಕಥೆ ಸ್ವಾಮಿ' ಅಂತಾರೆ. ಏನು ಕೇಳಬೇಕು?

ಬದುಕಿನ ಬಗ್ಗೆ ಕೇಳಬೇಡಿ, ಕೈಯಲ್ಲಿರುವುದರ ಬಗ್ಗೆ ಕೇಳಿ. ಹೂ ಮಾರುವ ಒಬ್ಬ ಅಮ್ಮನ ಹತ್ತಿರ 'ಕಷ್ಟಸುಖ ಹೇಗಮ್ಮಾ' ಅಂದಿದ್ದಕ್ಕೆ 'ನಡೀತದೆ' ಅಂತ ಒಂದೇ ಮಾತಲ್ಲಿ ಮುಗಿಸಿದರು. ಆಗ ಅವರು ಮೊಳ ಹಾಕುತ್ತಿದ್ದರು. ಮೊಣಕೈಯಿಂದ ಬೆರಳ ತುದಿವರೆಗೆ ದಾರ ಎಳೆದು, ಕೊನೆಗೆ ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿದರು. 'ಎರಡು ಬೆರಳು ಯಾಕಮ್ಮಾ ಜಾಸ್ತಿ?' ಅಂತ ಕೇಳಿದೆ. ಅಷ್ಟೇ. ಮೊದಲು ಅತ್ತೆ ಕೂರುತ್ತಿದ್ದ ಜಾಗ ಅದು, ಅತ್ತೆಯ ಕೈ ಉದ್ದ, ಸೊಸೆಯ ಕೈ ಗಿಡ್ಡ. ಅತ್ತೆ ಕೂರುವುದು ಬಿಟ್ಟ ಮೇಲೆ ಗಿರಾಕಿಗಳು 'ನಿನ್ನ ಮೊಳ ಸಾಲಲ್ಲ' ಅಂತ ಜಗಳ ತೆಗೆದರಂತೆ. ಅವತ್ತಿನಿಂದ ಎರಡು ಬೆರಳು ಅತ್ತೆ ಲೆಕ್ಕಕ್ಕೆ. ಅಲ್ಲಿಂದ ಮದುವೆ, ಮಕ್ಕಳು, ಅತ್ತೆಯ ಕೊನೆಗಾಲ ಎಲ್ಲಾ ತಾನಾಗೇ ಬಂತು.

ಸಾಣೆ ಹಿಡಿಯುವವರಾದರೆ ಕಲ್ಲು ಎಷ್ಟು ದಿನಕ್ಕೆ ಸವೆಯುತ್ತದೆ ಅಂತ ಕೇಳಿ. ಬಸ್ ಕಂಡಕ್ಟರ್ ಆದರೆ ಚಿಲ್ಲರೆ ಜಗಳದ ಬಗ್ಗೆ ಕೇಳಿ. ಕೇಳಿದ ಮೇಲೆ ಸುಮ್ನಿರುವುದನ್ನು ಕಲಿಯಬೇಕು. ನಡುವೆ ಮೌನ ಬಂತು ಅಂತ ನಾವೇ ಏನೋ ತುಂಬಿಸಿಬಿಡುತ್ತೇವೆ, ಅವರು ಹೇಳಬೇಕೆಂದಿದ್ದದ್ದು ಅಲ್ಲೇ ಉಳಿಯುತ್ತದೆ.

ರೆಕಾರ್ಡ್ ಮಾಡ್ಕೊಳ್ಳೋದು ಸರಿನಾ?

ಕೇಳಿ ಮಾಡಿಕೊಂಡರೆ ಸರಿ, ಫೋನನ್ನು ಜೇಬಿನಲ್ಲಿಟ್ಟು ಕದ್ದು ಮಾಡಿದರೆ ತಪ್ಪು. ರೆಕಾರ್ಡ್ ಇದ್ದರೆ ಅವರ ಮಾತಿನ ಓಟ ಉಳಿಯುತ್ತದೆ. ಕೊನೆಯಲ್ಲಿ ಅವರ ಬಾಯಿಂದಲೇ ಹೆಸರು, ಊರು, 'ಹಾಕಬಹುದು' ಅನ್ನುವ ಮಾತು ಹೇಳಿಸಿಟ್ಟುಕೊಳ್ಳಿ.

ಅವರು ಮಾತಾಡಿದ ಹಾಗೇ ಬರೀಬೇಕಾ, ಶುದ್ಧ ಕನ್ನಡಕ್ಕೆ ತಿದ್ದಬೇಕಾ?

ಇದಕ್ಕೆ ಎರಡೂ ಕಡೆಯಿಂದ ಬೈಸಿಕೊಳ್ಳುತ್ತೇನೆ. ಹುಬ್ಬಳ್ಳಿ ಕಡೆಯ ಒಬ್ಬ ವ್ಯಾಪಾರಿ ಹೀಗಂದರು ಅಂತಿಟ್ಟುಕೊಳ್ಳಿ: 'ಮಳಿ ಬಂದ್ರ ವ್ಯಾಪಾರ ಇಲ್ರಿ, ಬರ್ಲಿಲ್ಲಂದ್ರ ಊರಾಗ ಬೆಳಿ ಇಲ್ರಿ. ದೇವರ ಹಂತ್ಯಾಕ ನಾ ಏನಂತ ಬೇಡ್ಲಿ?' ಇದನ್ನು 'ಮಳೆ ಬಂದರೆ ವ್ಯಾಪಾರವಿಲ್ಲ, ಬಾರದಿದ್ದರೆ ಬೆಳೆಯಿಲ್ಲ' ಅಂತ ತಿದ್ದಿದರೆ ಉಳಿಯುವುದು ಹವಾಮಾನ ವರದಿ. ಹಾಗಾಗಿ ಮಾತಿನ ಧಾಟಿ ಇಟ್ಟುಕೊಳ್ಳುತ್ತೇನೆ.

ಆದರೆ ಇನ್ನೊಂದು ಮಗ್ಗುಲಿದೆ. ನಗರದ ಓದುಗರು ಆಡುಮಾತು ಕಂಡರೆ ನಗುತ್ತಾರೆ. ಮಗಳು ಕಾಲೇಜಿನಲ್ಲಿ ಓದುತ್ತಿರುವ ಅಪ್ಪನಿಗೆ ತನ್ನ ಮಾತು ಹಾಗೆ ಅಚ್ಚಾಗುವುದು ಇಷ್ಟವಿರಲಿಕ್ಕಿಲ್ಲ. ಅದಕ್ಕೇ ಬರೆದದ್ದನ್ನು ಹಾಕುವ ಮೊದಲು ಅವರಿಗೇ ಓದಿ ಹೇಳುತ್ತೇನೆ. ನನ್ನ ಕೆಲಸದಲ್ಲಿ ಮುರಿಯದ ನಿಯಮ ಇದೊಂದೇ: ಮೊದಲ ಓದುಗರು ಫೋಟೋದಲ್ಲಿರುವವರೇ. ಓದು ಬಾರದಿದ್ದರೆ ಫೋನಿನಲ್ಲಿ ಗಟ್ಟಿಯಾಗಿ ಓದುವುದು, ಇಲ್ಲ ವಾಯ್ಸ್ ಮೆಸೇಜ್ ಕಳಿಸುವುದು. 'ಆ ಸಾಲದ ವಿಷಯ ಬೇಡಪ್ಪಾ' ಅಂದರೆ ಅದು ಹೋಯಿತು. ಎಷ್ಟು ಒಳ್ಳೆಯ ಸಾಲಾಗಿದ್ದರೂ ಹೋಯಿತು.

ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ಬೇಕಾದಷ್ಟು ಜನ. ಅವರು ಕನ್ನಡದಲ್ಲಿ ಹೇಳಿದರೆ ಅವರ ಕನ್ನಡ, ಬೇರೆ ಭಾಷೆಯಲ್ಲಿ ಹೇಳಿದರೆ 'ಉರ್ದುವಿನಲ್ಲಿ ಹೇಳಿದ್ದು' ಅಂತ ಒಂದು ಮಾತು ಸೇರಿಸಿ ಸರಳ ಕನ್ನಡದಲ್ಲಿ ಬರೆಯಿರಿ. ಅವರ ಬಾಯಿಗೆ ನಿಮ್ಮ ಊರಿನ ಆಡುಮಾತು ತುರುಕಬೇಡಿ.

ಅವರು ಹೇಳಿದ್ದೆಲ್ಲ ನಿಜಾನಾ? ಚೆಕ್ ಮಾಡ್ತೀರಾ?

ಅವರ ನೆನಪು ಅವರದು. 'ನಮ್ಮ ಕಾಲದಲ್ಲಿ ಮಳೆ ಜಾಸ್ತಿ' ಅಂದರೆ ಮಳೆಮಾಪನ ತೆಗೆದುನೋಡುವುದಿಲ್ಲ. ಆದರೆ ಇನ್ನೊಬ್ಬರ ಮೇಲೆ ಆರೋಪ ಬಂದರೆ ನಿಲ್ಲಿಸುತ್ತೇನೆ. 'ಅಣ್ಣ ಆಸ್ತಿ ಹೊಡೆದ', 'ಆ ಡಾಕ್ಟ್ರು ಸಾಯಿಸಿದ್ರು' ಅನ್ನುವುದರಲ್ಲಿ ಎದುರು ಪಾರ್ಟಿಯ ಮಾತಿಲ್ಲ. ಅಂಥದ್ದು ಪತ್ರಕರ್ತರ ಕೆಲಸ. ಗುರುತಾಗುವಂಥದ್ದನ್ನೆಲ್ಲ ತೆಗೆದರೂ ಕಥೆ ನಿಲ್ಲುತ್ತದೆ ಅಂದರೆ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ. ಔಷಧಿ, ಮನೆಮದ್ದು, ಇಷ್ಟು ಹಾಕಿದರೆ ಅಷ್ಟು ಬರುತ್ತೆ ಅನ್ನುವ ಸ್ಕೀಮುಗಳ ಮಾತೂ ಹಾಗೇ.

ಕ್ಯಾಪ್ಶನ್ ಎಷ್ಟುದ್ದ ಇರಬೇಕು? ನಂದು ಅರ್ಧಕ್ಕೇ ಕಟ್ ಆಗುತ್ತೆ.

ಇನ್‌ಸ್ಟಾಗ್ರಾಮ್ 2,200 ಕ್ಯಾರೆಕ್ಟರ್ ಕೊಡುತ್ತದೆ. ಕನ್ನಡದವರಿಗೆ ಅದು ಬೇಗ ಖರ್ಚಾಗುತ್ತದೆ. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. 'ಸ್ತ್ರೀ' ನಮಗೆ ಒಂದಕ್ಷರ, ಅದಕ್ಕೆ ಆರು. ಉಳಿದದ್ದನ್ನು ಮೊದಲ ಕಾಮೆಂಟಿಗೆ ಹಾಕಿದರೆ ಯಾರೂ ಓದುವುದಿಲ್ಲ. ಎರಡನೇ, ಮೂರನೇ ಚಿತ್ರವಾಗಿ ಬರಹ ಹಾಕಬಹುದು. ಆದರೆ ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಸಿಗುವುದಿಲ್ಲ, ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಅಂತ ಹೇಳುವ ಬರಹ) ಬರೆಯಿರಿ. ಮೊದಲ ಒಂದೂವರೆ ಸಾಲು ಮಾತ್ರ ತೆರೆದಿರುತ್ತದೆ. ಅಲ್ಲಿ 'ಇವರ ಹೆಸರು ಇಂಥದ್ದು, ವಯಸ್ಸು ಇಷ್ಟು' ಅಂತ ಶುರು ಮಾಡಬೇಡಿ. ಅವರ ಮಾತಿನಿಂದಲೇ ಶುರು ಮಾಡಿ.

ಎಐ ಹತ್ರ ಕಥೆ ಬರೆಸಿದ್ರೆ ಟೈಮ್ ಉಳಿಯುತ್ತೆ ಅಲ್ವಾ?

ರೆಕಾರ್ಡನ್ನು ಅಕ್ಷರಕ್ಕೆ ಇಳಿಸಲು ಬಳಸಿ, ಆಮೇಲೆ ಕಿವಿಗೊಟ್ಟು ತಿದ್ದಿ. ಅವರು ಹೇಳದ ಮಾತನ್ನು ಹೇಳಿಸಿದರೆ ಅದು ಕಟ್ಟುಕಥೆ. ಫೇಸ್‌ಬುಕ್ಕಿನಲ್ಲಿ ಈಗ ಯಂತ್ರ ಬರೆದ ಅಜ್ಜಿಯರು ತಾವೇ ಮಾಡಿದ ಕೇಕ್ ಹಿಡಿದು ಲೈಕ್ ಕೇಳುತ್ತಿರುತ್ತಾರೆ. ಅವರ ನಡುವೆ ನಿಜವಾದ ಅಜ್ಜಿಯನ್ನು ನಂಬಿಸುವುದೇ ಕಷ್ಟವಾಗಿದೆ.

## ಒಪ್ಪಿಗೆ, ಕಾನೂನು

ರಸ್ತೆ ಸಾರ್ವಜನಿಕ ಜಾಗ. ಯಾರ ಫೋಟೋ ಬೇಕಾದ್ರೂ ತೆಗೀಬಹುದು ತಾನೇ?

ಜಾತ್ರೆಯ ಜನಸಾಗರ, ಕರಗದ ರಾತ್ರಿ, ಕಡಲೆಕಾಯಿ ಪರಿಷೆಯ ಗದ್ದಲ ತೆಗೆಯುವುದಕ್ಕೆ ಯಾರದೂ ತಕರಾರಿಲ್ಲ. ಒಬ್ಬರನ್ನು ಆರಿಸಿ, ಅವರ ಮುಖವನ್ನೇ ಪೋಸ್ಟ್ ಮಾಡುವುದು ಬೇರೆ ಮಾತು. 1994ರಲ್ಲೇ ಸುಪ್ರೀಂ ಕೋರ್ಟ್, ಒಬ್ಬರ ಖಾಸಗಿ ವಿಷಯಗಳನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವ ಹಾಗಿಲ್ಲ ಅಂತ ಹೇಳಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬೆಂಗಳೂರಿನಲ್ಲಿ 2025ರಲ್ಲಿ ಎರಡು ಪ್ರಕರಣ ನಡೆದವು. ಮೇ ತಿಂಗಳಲ್ಲಿ, ನಮ್ಮ ಮೆಟ್ರೋದಲ್ಲಿ ಹೆಣ್ಣುಮಕ್ಕಳನ್ನು ಗೊತ್ತಾಗದ ಹಾಗೆ ಚಿತ್ರಿಸಿ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನನ್ನು ಬನಶಂಕರಿ ಪೊಲೀಸರು ಹಿಡಿದರು. ಜುಲೈಯಲ್ಲಿ ಚರ್ಚ್ ಸ್ಟ್ರೀಟಿನದು. ಒಬ್ಬ ಯುವತಿ ಸುಮ್ನೆ ನಡೆದುಹೋಗುತ್ತಿದ್ದ ವಿಡಿಯೋ ಯಾರದೋ ಅಕೌಂಟಿನಲ್ಲಿ ಬಂತು, ಆಕೆಗೆ ಕೊಳಕು ಮೆಸೇಜ್‌ಗಳು ಬರತೊಡಗಿದವು. ಆಕೆ ಬಹಿರಂಗವಾಗಿ ಹೇಳಿಕೊಂಡ ಮೇಲೆ ಬಂಧನವಾಯಿತು. ಇವರಿಗೂ 'ಸ್ಟ್ರೀಟ್ ಫೋಟೋಗ್ರಫಿ' ಅನ್ನುವ ಹೆಸರು ಕೊಟ್ಟು ಸಮರ್ಥಿಸಲು ಬರುವವರಿದ್ದಾರೆ. ಸಾಮಾನ್ಯವಾಗಿ ಗಂಡಸರೇ.

ಬಾಯಲ್ಲಿ ಹೂಂ ಅಂದ್ರೆ ಸಾಕಾ? ಸಹಿ ಹಾಕಿಸ್ಕೋಬೇಕಾ?

ಸಂತೆಯಲ್ಲಿ ಪೇಪರ್ ಚಾಚಿ ಸಹಿ ಅಂದರೆ ಆಸ್ತಿ ಬರೆಸಿಕೊಳ್ಳಲು ಬಂದವರ ಹಾಗೆ ನೋಡುತ್ತಾರೆ, ತಪ್ಪೇನೂ ಅಲ್ಲ. ರೆಕಾರ್ಡಿನಲ್ಲಿರುವ ಒಪ್ಪಿಗೆಯ ಮಾತು ನನಗೆ ಸಾಕು. ಪುಸ್ತಕ, ಪ್ರದರ್ಶನ, ಜಾಹೀರಾತು ಅಂತಾದರೆ ಬರವಣಿಗೆಯಲ್ಲಿ ಬೇಕೇ ಬೇಕು, ಅವರಿಗೆ ಗೊತ್ತಿರುವ ಭಾಷೆಯಲ್ಲಿ. ಇನ್‌ಸ್ಟಾಗ್ರಾಮಿಗೆ ಕೊಟ್ಟ ಹೂಂ ಹೋರ್ಡಿಂಗಿಗೆ ಆಗುವುದಿಲ್ಲ.

ಹೂಂ ಅಂದವರಿಗೆ ಏನಕ್ಕೆ ಹೂಂ ಅಂದೆವು ಅಂತ ಗೊತ್ತಿರಬೇಕು. 'ನಿಮ್ಮೂರಿನವರು, ನೆಂಟರು, ಸಾಲ ಕೊಟ್ಟವರು, ಎಲ್ಲರೂ ನೋಡಬಹುದು' ಅಂತ ಬಿಡಿಸಿ ಹೇಳುತ್ತೇನೆ. 'ಸಾಲ ಕೊಟ್ಟವರು' ಅಂದ ತಕ್ಷಣ ಕೆಲವರು ಹೆಸರು ಬೇಡ ಅನ್ನುತ್ತಾರೆ.

ಹೆಸರು ಕೇಳೋದು, ಹಾಕೋದು ಅಷ್ಟು ಮುಖ್ಯಾನಾ?

ಕೇಳುವುದು ಮುಖ್ಯ. ಹಾಕುವುದು ಅವರಿಗೆ ಬಿಟ್ಟದ್ದು. 1936ರ ಮಾರ್ಚಿನಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೋಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಕೀಳುವವರ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಮಕ್ಕಳು ಎರಡೂ ಭುಜಕ್ಕೆ ಮುಖ ಹುದುಗಿಸಿದ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಲ್ಯಾಂಗ್ ಆಕೆಯ ಹೆಸರು ಕೇಳಲೇ ಇಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಅಂತ ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ ಅನ್ನುವ ಸಿಟ್ಟು ಆಕೆಗಿತ್ತು. ಲ್ಯಾಂಗ್ ಕೂಡ ಅದರಿಂದ ಹಣ ಮಾಡಲಿಲ್ಲ, ಸರ್ಕಾರಿ ಸಂಬಳದಲ್ಲಿ ತೆಗೆದ ಚಿತ್ರ ಅದು. 1983ರಲ್ಲಿ ಆಕೆ ಕಾಯಿಲೆ ಬಿದ್ದು ಮಕ್ಕಳು ನೆರವು ಕೇಳಿದಾಗ ಅದೇ ಚಿತ್ರ ನೆನೆದು ಜನ ಪತ್ರ ಬರೆದರು, ಹಣ ಕಳಿಸಿದರು. ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂತ ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಹೆಸರು, ವಿಳಾಸ ಬರೆದುಕೊಂಡಿದ್ದರೆ ಆ ಪತ್ರಗಳಿಗೆ ಅಷ್ಟು ವರ್ಷ ಕಾಯಬೇಕಿರಲಿಲ್ಲ.

ಮಕ್ಕಳ ಫೋಟೋ ಎಷ್ಟು ಚೆನ್ನಾಗಿ ಬರುತ್ತೆ! ಯಾಕೆ ಹಾಕಲ್ಲ?

ಚೆನ್ನಾಗಿ ಬರುತ್ತದೆ, ಅದಕ್ಕೇ ಭಯ. ಅಪ್ಪ ಅಮ್ಮ ಎದುರಿಗಿದ್ದು ಒಪ್ಪಿದರೆ ಅಪರೂಪಕ್ಕೆ ಹಾಕುತ್ತೇನೆ, ಶಾಲೆಯ ಹೆಸರು, ಬೀದಿಯ ಹೆಸರು ಇಲ್ಲದೆ. ಯೂನಿಫಾರ್ಮಿನ ಬ್ಯಾಡ್ಜೂ ಕಾಣಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಟ್ಟುಕೊಡುವುದು ಪೋಕ್ಸೋ ಕಾಯ್ದೆಯಲ್ಲಿ ಅಪರಾಧ. ತನಿಖೆ, ವಿಚಾರಣೆಗೆ ಸಂಬಂಧಪಟ್ಟ ಮಕ್ಕಳ ಗುರುತು ಹೊರಹಾಕಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಮಗುವೊಂದು ಕಷ್ಟದಲ್ಲಿದೆ ಅನ್ನಿಸಿದರೆ ಕ್ಯಾಮೆರಾ ತೆಗೆಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಫೋಟೋ ಯಾರ ಸ್ವತ್ತು? ಬೇರೆ ಪೇಜ್‌ನವರು ಎತ್ತಿ ಹಾಕ್ಕೊಂಡ್ರೆ?

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ತೆಗೆದವರದು. ದುಡ್ಡು ಕೊಟ್ಟು ತೆಗೆಸಿದ್ದರೆ ತೆಗೆಸಿದವರದು. 2012ರ ತಿದ್ದುಪಡಿ ಆದಮೇಲೆ ಫೋಟೋಗೂ ಫೋಟೋಗ್ರಾಫರ್ ಬದುಕಿರುವವರೆಗೆ, ಆಮೇಲೆ 60 ವರ್ಷ ರಕ್ಷಣೆ. ಎತ್ತಿ ಹಾಕಿಕೊಂಡವರ ಮೇಲೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನ ಕಾಪಿರೈಟ್ ಫಾರ್ಮ್ ತುಂಬಿ ದೂರು ಕೊಡಬಹುದು. ಮೂಲ ಫೈಲ್ ಇಟ್ಟುಕೊಂಡಿರಿ, ಅದೇ ಸಾಕ್ಷಿ.

2013ರಲ್ಲಿ ಡಿಕೆಎನ್‌ವೈ ಅನ್ನುವ ಬಟ್ಟೆ ಕಂಪನಿಯ ಬ್ಯಾಂಕಾಕ್ ಅಂಗಡಿಯ ಗಾಜಿನಲ್ಲಿ ಸ್ಟ್ಯಾಂಟನ್ ಅವರ ಚಿತ್ರಗಳು ಕೇಳದೇ ಕೂತಿದ್ದವು. ಅವರು ತನಗೆ ಹಣ ಬೇಡ, ಬ್ರೂಕ್ಲಿನ್‌ನ ವೈಎಂಸಿಎಗೆ ಒಂದು ಲಕ್ಷ ಡಾಲರ್ ಕೊಡಿ ಅಂದರು. ಕಂಪನಿ ತಪ್ಪಾಯಿತು ಅಂದು 25,000 ಕೊಟ್ಟಿತು.

ಫೋಟೋಗೆ ಹಕ್ಕುಂಟು, ಐಡಿಯಾಗೆ ಇಲ್ಲ. 2023ರಲ್ಲಿ ಹ್ಯೂಮನ್ಸ್ ಆಫ್ ಬಾಂಬೆಯವರು ಅಂಥದ್ದೇ ಇನ್ನೊಂದು ಪೇಜ್ ಪೀಪಲ್ ಆಫ್ ಇಂಡಿಯಾ ಮೇಲೆ ದಿಲ್ಲಿ ಹೈಕೋರ್ಟಿಗೆ ಹೋದಾಗ ಕೋರ್ಟ್ ಹೇಳಿದ್ದೂ ಇದನ್ನೇ: ಜನರ ಕಥೆ ಹೇಳುವ ಪೇಜ್ ನಡೆಸುವುದು ಯಾರೊಬ್ಬರ ಗುತ್ತಿಗೆ ಅಲ್ಲ, ಒಬ್ಬರ ಚಿತ್ರ, ಬರಹ ಇನ್ನೊಬ್ಬರು ಎತ್ತುವಂತಿಲ್ಲ. ಆಗ ಸ್ಟ್ಯಾಂಟನ್ ಕೂಡ ಬಾಯಿಬಿಟ್ಟರು. ನಾನು ನಿಮ್ಮನ್ನು ಯಾವುದಕ್ಕೆ ಕ್ಷಮಿಸಿದೆನೋ ಅದಕ್ಕೇ ಬೇರೆಯವರ ಮೇಲೆ ಕೇಸು ಹಾಕಬೇಡಿ ಅನ್ನುವುದು ಅವರ ಮಾತಿನ ಸಾರ.

'ತೆಗೆದುಹಾಕಿ' ಅಂತ ಆಮೇಲೆ ಕೇಳಿದ್ರೆ?

ಕಾರಣ ಕೇಳದೆ ತೆಗೆಯುತ್ತೇನೆ, ಲೈಕ್ ಎಷ್ಟೇ ಬಂದಿರಲಿ. ಹುಡುಗಿಯ ಮದುವೆ ಮಾತುಕತೆ, ಹೊಸ ಕೆಲಸ, ಗಂಡನ ಮನೆ, ಯಾವುದೋ ಇರುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದೆ ತೆಗೆದುಕೊಳ್ಳಬಹುದು ಅನ್ನುವುದು 2023ರ ಕಾಯ್ದೆಯಲ್ಲೂ ಇದೆ. ಬೇರೆಯವರು ಡೌನ್‌ಲೋಡ್ ಮಾಡಿ ಹಂಚಿದ್ದು ನನ್ನ ಕೈಲಿಲ್ಲ. ಅದನ್ನೂ ಮೊದಲೇ ಹೇಳಿರಬೇಕು.

## ದುಡ್ಡು, ವೈರಲ್, ಮತ್ತೆ ಉಳಿದ ತಲೆನೋವು

ಫೋಟೋ ತೆಗೆಸ್ಕೊಂಡವರಿಗೆ ದುಡ್ಡು ಕೊಡ್ತೀರಾ?

ಮಾತಿಗೆ ಕೊಡುವುದಿಲ್ಲ, ಹೊತ್ತಿಗೆ ಕೊಡುತ್ತೇನೆ. ದಿನಗೂಲಿಯವರನ್ನು ಒಂದು ಗಂಟೆ ಕೂರಿಸಿದರೆ ಅವರ ಒಂದು ಗಂಟೆ ದುಡಿಮೆ ಹೋಯಿತು. ಮಾತಿಗೆ ದುಡ್ಡು ಅಂತಾದರೆ ಕಣ್ಣೀರಿಗೆ ರೇಟು ಏರುತ್ತದೆ. ಪೇಜಿನಿಂದ ನನಗೆ ಆದಾಯ ಬಂದರೆ ಆ ಲೆಕ್ಕ ಬೇರೆ, ಆಗ ಅವರಿಗೂ ಪಾಲು ಇರಬೇಕು.

ಪೋಸ್ಟ್ ಜತೆ ಅವರ ಕ್ಯುಆರ್ ಕೋಡ್ ಹಾಕಿ, ಸಹಾಯ ಮಾಡ್ತೀವಿ ಅಂತಾರಲ್ಲ?

2015ರಲ್ಲಿ ಹ್ಯೂಮನ್ಸ್ ಆಫ್ ನ್ಯೂಯಾರ್ಕಿನಲ್ಲಿ ಒಬ್ಬ ಹುಡುಗ ತನ್ನ ಬದುಕನ್ನು ಬದಲಿಸಿದವರು ತನ್ನ ಶಾಲೆಯ ಪ್ರಿನ್ಸಿಪಾಲ್ ಅಂದ. ಮಕ್ಕಳನ್ನು ಹಾರ್ವರ್ಡ್ ತೋರಿಸಲು ಒಂದು ಲಕ್ಷ ಡಾಲರ್ ಕೂಡಿಸಲು ಹೊರಟದ್ದು 14 ಲಕ್ಷ ಮೀರಿತು. ಹಣ ಹೋದದ್ದು ಹುಡುಗನ ಜೇಬಿಗಲ್ಲ, ಶಾಲೆಗೆ. ಅದೇ ವರ್ಷ ಪಾಕಿಸ್ತಾನದ ಇಟ್ಟಿಗೆ ಗೂಡುಗಳ ಜೀತದಾಳುಗಳಿಗಾಗಿ 20 ಲಕ್ಷ ಡಾಲರ್ ದಾಟಿತು, ಅದೂ ಜೀತದ ವಿರುದ್ಧ ದುಡಿಯುತ್ತಿದ್ದ ಸಂಘಟನೆಗೆ.

ಈಗ ನಮ್ಮದೊಂದು ನೋಡಿ. 2020ರ ಅಕ್ಟೋಬರ್‌ನಲ್ಲಿ ದಿಲ್ಲಿಯ 'ಬಾಬಾ ಕಾ ಧಾಬಾ' ಅನ್ನುವ ಸಣ್ಣ ಊಟದಂಗಡಿಯ ಅಜ್ಜ ವ್ಯಾಪಾರವಿಲ್ಲದೆ ಅತ್ತ ವಿಡಿಯೋಗೆ ದೇಶವೇ ಕರಗಿತು, ಮರುದಿನ ಗಿರಾಕಿಗಳ ಕ್ಯೂ. ಕೆಲವೇ ವಾರದಲ್ಲಿ, ಬಂದ ಹಣದ ಲೆಕ್ಕ ಸರಿಯಿಲ್ಲ ಅಂತ ಧಾಬಾದ ಅಜ್ಜ ವಿಡಿಯೋ ಮಾಡಿದವರ ಮೇಲೇ ಪೊಲೀಸರಿಗೆ ದೂರು ಕೊಟ್ಟರು. ಆಮೇಲೆ ರಾಜಿಯಾದರು ಬಿಡಿ. ಅದಕ್ಕೇ ಬೇರೆಯವರ ಹಣ ನಿಮ್ಮ ಖಾತೆಯನ್ನು ಮುಟ್ಟಲೇಬಾರದು. ಅವರ ಖಾತೆಗೆ ನೇರ ಹಾಕಿಸುವುದಾದರೂ ಮನೆಯ ಓದುಬಲ್ಲ ಒಬ್ಬರು ಜತೆಗಿರಲಿ, ಎಷ್ಟು ಸಾಕು ಅಂತ ಮೊದಲೇ ಗೊತ್ತುಮಾಡಿ, ಅಷ್ಟಾದ ಕೂಡಲೇ ನಂಬರ್ ತೆಗೆಯಿರಿ. ದೊಡ್ಡ ಮೊತ್ತ ಬಂತು ಅಂತ ತಿಳಿದರೆ ಮೋಸದ ಫೋನ್‌ಕರೆಗಳೂ ಹಿಂದೆಯೇ ಬರುತ್ತವೆ.

ವೈರಲ್ ಆಗಿಬಿಟ್ರೆ ಅವರ ಲೈಫ್ ಚೇಂಜ್ ಆಗುತ್ತಲ್ಲ, ಒಳ್ಳೇದೇ ಅಲ್ವಾ?

ಚೇಂಜ್ ಆಗುವುದು ಹೌದು, ಯಾವ ಕಡೆಗೆ ಅನ್ನುವುದು ನಮ್ಮ ಕೈಲಿಲ್ಲ. 2025ರ ಜನವರಿಯಲ್ಲಿ ಪ್ರಯಾಗ್‌ರಾಜ್ ಕುಂಭಮೇಳದಲ್ಲಿ ಮಣಿಸರ ಮಾರುತ್ತಿದ್ದ ಹುಡುಗಿಯ ಕಣ್ಣು ಚೆಂದ ಅಂತ ವಿಡಿಯೋ ಓಡಿತು. ಸರ ಕೊಳ್ಳುವವರಿಗಿಂತ ಸೆಲ್ಫಿಯವರೇ ಮುತ್ತಿಕೊಂಡರು. ವ್ಯಾಪಾರ ನಡೆಯದೆ ಮನೆಯವರು ಅವಳನ್ನು ಊರಿಗೆ ಕಳಿಸಬೇಕಾಯಿತು. ಆಮೇಲೆ ಸಿನಿಮಾ ಅವಕಾಶವೂ ಬಂತು ಅನ್ನುತ್ತೀರಿ. ಬಂತು. ಕೇಳಿ ತೆಗೆದವರು ಎಷ್ಟು ಜನ?

ನಮ್ಮ ಕಡೆಯದು ಕಂಬಳದ ಶ್ರೀನಿವಾಸ ಗೌಡರದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ (ಕೋಣ ಓಡಿಸುವ ಕೆಸರಿನ ಟ್ರ್ಯಾಕು) 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಅಂದರು, ಉಸೇನ್ ಬೋಲ್ಟರ 9.58ಕ್ಕಿಂತ ಕಮ್ಮಿ. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ. ಕೆಸರುಗದ್ದೆಯಲ್ಲಿ ಕೋಣಗಳ ಜತೆ ಓಡುವುದೇ ಬೇರೆ, ಟ್ರ್ಯಾಕೇ ಬೇರೆ ಅಂದರು. ವೈರಲ್ ಮಾಡಿದವರಲ್ಲಿ ಯಾರಿಗೂ ಹೊಳೆಯದ ಮಾತನ್ನು ಓಡಿದವರೇ ಹೇಳಬೇಕಾಯಿತು.

ನಾನು ಮಾಡುವುದಿಷ್ಟು: ಪೋಸ್ಟ್ ಹಾಕುವುದು ಅವರು ಆ ಜಾಗದಿಂದ ಎದ್ದ ಮೇಲೆ. ಲೊಕೇಶನ್ ಟ್ಯಾಗ್ ಊರಿನ ಮಟ್ಟಕ್ಕೆ ಮಾತ್ರ, ಅಂಗಡಿಯವರೇ 'ಹಾಕಿ, ಗಿರಾಕಿ ಬರಲಿ' ಅಂದರೆ ಬೇರೆ. ಓಡತೊಡಗಿದರೆ ಮೊದಲು ಅವರಿಗೇ ಫೋನ್ ಮಾಡುವುದು.

ಕೆಟ್ಟ ಕಾಮೆಂಟ್ ಬಂದ್ರೆ ಬಿಡ್ತೀರಾ? ವಾಕ್ ಸ್ವಾತಂತ್ರ್ಯ ಅಲ್ವಾ?

ನನ್ನನ್ನು ಬೈದರೆ ಬಿಡುತ್ತೇನೆ. ಅವರ ಜಾತಿ, ಬಣ್ಣ, ಮೈಕಟ್ಟು, ಧರ್ಮ ಎತ್ತಿದರೆ ಡಿಲೀಟ್, ಬ್ಲಾಕ್. ಮೊದಲ ಒಂದು ದಿನ ಪೋಸ್ಟ್ ಮೇಲೆ ಕಣ್ಣಿಡಲು ಪುರುಸೊತ್ತಿಲ್ಲದಿದ್ದರೆ ಅವತ್ತು ಹಾಕುವುದೇ ಬೇಡ. ಕಾಮೆಂಟ್ ಬಂದ್ ಮಾಡುವ ಬಟನ್ ಕೂಡ ಇದೆ.

ಬಡವರ ಫೋಟೋನೇ ಯಾಕೆ? ಕಷ್ಟ ಮಾರ್ಕೊಂಡು ಫಾಲೋವರ್ಸ್ ಮಾಡ್ಕೊಳ್ಳೋದಲ್ವಾ ಇದು?

ಅತ್ಯಂತ ಸರಿಯಾದ ಪ್ರಶ್ನೆ ಇದು, ಕೇಳುವವರು ಕಮ್ಮಿ. ರಸ್ತೆಯಲ್ಲಿ ಕೂತವರು ಸುಲಭವಾಗಿ ಸಿಗುತ್ತಾರೆ, ಕಾರಿನ ಗಾಜು ಏರಿಸಿಕೊಂಡವರು ಸಿಗುವುದಿಲ್ಲ. ಹೀಗೇ ಬಿಟ್ಟರೆ ಪೇಜ್ ತುಂಬ ಸುಕ್ಕುಗಟ್ಟಿದ ಮುಖ, ಕಪ್ಪು ಬಿಳುಪು ಬಣ್ಣ, 'ಬದುಕು ಜಟಕಾ ಬಂಡಿ' ಅನ್ನುವ ಕ್ಯಾಪ್ಶನ್. ಹಾಗಾಗಿ ಬೇಕೆಂದೇ ಬೇರೆ ಕಡೆ ಹೋಗುತ್ತೇನೆ: ಬ್ಯಾಂಕಿನ ಮ್ಯಾನೇಜರು, ಪಿಜಿ ನಡೆಸುವವರು, ರಿಜಿಸ್ಟ್ರಾರ್ ಕಚೇರಿ ಮುಂದೆ ದಸ್ತಾವೇಜು ಬರೆಯುವವರು, ನೈಟ್ ಶಿಫ್ಟ್ ಮುಗಿಸಿ ಬರುವ ಸಾಫ್ಟ್‌ವೇರಿನವರು. ಅವರನ್ನು ಒಪ್ಪಿಸುವುದು ಮೂರು ಪಟ್ಟು ಕಷ್ಟ. 'ನಮ್ಮ ಎಚ್‌ಆರ್ ಕೇಳ್ಬೇಕು' ಅನ್ನುತ್ತಾರೆ. ಹೂ ಮಾರುವ ಅಮ್ಮನಿಗೆ ಎಚ್‌ಆರ್ ಇಲ್ಲ, ಆ ಕೆಲಸವನ್ನೂ ನಾವೇ ಮಾಡಬೇಕು.

2021ರ ನವೆಂಬರ್‌ನಲ್ಲಿ ಅಂಕೋಲಾ ಕಡೆಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡ ಚಿತ್ರ ಎಲ್ಲರ ಫೋನಿಗೂ ಬಂತಲ್ಲ, ಹಂಚಿದವರೆಲ್ಲ ಬರೆದದ್ದು ಬರಿಗಾಲಿನ ಬಗ್ಗೆ. ಯಾವ ಮರದ ಬೀಜ ಯಾವಾಗ ಆಯಬೇಕು ಅನ್ನುವುದು ಅವರಿಗೆ ಬಾಯಿಪಾಠವಾಗಿತ್ತು, ಪ್ರಶಸ್ತಿ ಬಂದದ್ದು ಆ ಕೆಲಸಕ್ಕೆ. ಕಾಲು ನೋಡಿದವರು ಕೈ ನೋಡಲಿಲ್ಲ.

ಬ್ರ್ಯಾಂಡ್‌ನವರು ಕೇಳ್ತಿದ್ದಾರೆ. ಪೇಡ್ ಪೋಸ್ಟ್ ಹಾಕಬಹುದಾ?

ನಿಮ್ಮ ಸ್ವಂತ ಮುಖ ಇಟ್ಟು ಬೇಕಾದ್ದು ಮಾರಿ, 'ಪೇಡ್' ಅಂತ ಕಾಣುವ ಹಾಗೆ ಬರೆಯಿರಿ. ಇನ್ನೊಬ್ಬರ ಕಥೆಯ ನಡುವೆ ಸೋಪು ತೂರಿಸುವುದಾದರೆ ಅವರಿಗೆ ಗೊತ್ತಿರಬೇಕು, ಅವರಿಗೆ ಹಣ ಸಿಗಬೇಕು. ಇಷ್ಟು ಹೇಳಿದ ಮೇಲೆ ಬಹಳ ಬ್ರ್ಯಾಂಡ್‌ಗಳು ಮತ್ತೆ ಫೋನ್ ಮಾಡುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಸ್ಟ್ಯಾಂಟನ್ ಇದರ ಉಲ್ಟಾ ಮಾಡಿದರು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಜಾಹೀರಾತುಗಳನ್ನೆಲ್ಲ ತೆಗೆಸಿ, ಆ ಜಾಗದಲ್ಲಿ ಊರಿನ ಜನರ ಚಿತ್ರ, ಮಾತು ಹಾಕಿಸಿದರು.

ಹಳೇ ಪೋಸ್ಟ್‌ಗಳನ್ನ ಹೇಗೆ ಕಾಪಾಡ್ಕೊಳ್ತೀರಾ?

ಇನ್‌ಸ್ಟಾಗ್ರಾಮ್ ಗೋದಾಮಲ್ಲ. ಅದು ಚಿತ್ರವನ್ನು ಕುಗ್ಗಿಸಿ ಇಟ್ಟುಕೊಳ್ಳುತ್ತದೆ, ಅಕೌಂಟ್ ಹ್ಯಾಕ್ ಆದರೆ ಎಲ್ಲಾ ಹೋಯಿತು. ಮೂಲ ಫೈಲ್, ರೆಕಾರ್ಡ್, ಹೆಸರು, ಊರು, ತಾರೀಖು, ಯಾವುದಕ್ಕೆ ಒಪ್ಪಿದ್ದಾರೆ ಅನ್ನುವ ಟಿಪ್ಪಣಿ, ಇಷ್ಟನ್ನು ಒಂದು ಫೋಲ್ಡರಿನಲ್ಲಿ ಹಾಕಿ ಎರಡು ಕಡೆ ಇಡಿ. ಫೋಲ್ಡರಿಗೆ ಹೆಸರಿನ ಜತೆ ಕಸುಬು, ಬೀದಿಯನ್ನೂ ಬರೆಯಿರಿ, 'ಮಂಜುನಾಥ್' ಅಂತ ಹುಡುಕಿದರೆ ಹತ್ತು ಸಿಗುತ್ತಾರೆ.

ಇದರ ಉಪಯೋಗ ಎಷ್ಟೋ ವರ್ಷದ ಮೇಲೆ ಬರುತ್ತದೆ. 'ಅಪ್ಪಂದು ಇದೊಂದೇ ಚೆನ್ನಾಗಿರೋ ಫೋಟೋ, ಫ್ರೇಮ್ ಹಾಕಿಸ್ಬೇಕು' ಅಂತ ಮನೆಯವರು ಕೇಳುತ್ತಾರೆ. ಆಗ ಸ್ಕ್ರೀನ್‌ಶಾಟ್ ಕಳಿಸಬೇಡಿ. ವಾಟ್ಸಾಪಿನಲ್ಲಿ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಮಾತ್ರ ಪೂರ್ತಿ ಸೈಜಿನಲ್ಲಿ ಹೋಗುತ್ತದೆ. 12x18 ಹಾಕಿಸಿದರೂ ಒಡೆಯುವುದಿಲ್ಲ. ದುಡ್ಡು ಎಷ್ಟು ಅಂತ ಕೇಳಿದರೆ ಏನೂ ಬೇಡ ಅನ್ನಿ.